ಗರಿಷ್ಠ ಉಪಸರಣಿ ಸಮಸ್ಯೆ

ಗರಿಷ್ಠ ಉಪಸರಣಿ ಸಮಸ್ಯೆಯು ಗಣಕ ವಿಜ್ಞಾನದ ಪ್ರಸಿದ್ಧ ಸಮಸ್ಯೆಗಳಲ್ಲಿ ಒಂದು. ಧನ ಮತ್ತು ಋಣ ಸಂಖ್ಯೆಗಳು ಬೆರೆತಿರುವ ಒಂದು ಸರಣಿಯನ್ನು ಕೊಟ್ಟಾಗ, ಅದರಲ್ಲಿ ಎಡೆಬಿಡದೆ ಸಾಲಾಗಿ ಬರುವ ಯಾವ ತುಂಡಿನ ಮೊತ್ತವು ಅತ್ಯಧಿಕವಾಗುತ್ತದೆ ಎಂಬುದನ್ನು ಕಂಡುಹಿಡಿಯುವುದೇ ಈ ಸಮಸ್ಯೆಯ ತಿರುಳು. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸರಣಿಗೆ ಅರೇ ಎಂಬ ಹೆಸರು ರೂಢಿಯಲ್ಲಿದೆ. ಅದರ ಅಖಂಡವಾದ ತುಂಡನ್ನು ಉಪಸರಣಿ ಎನ್ನುತ್ತಾರೆ. 1977ರಲ್ಲಿ ಚಿತ್ರಗಳ ವಿಶ್ಲೇಷಣೆಯ ಸಂದರ್ಭದಲ್ಲಿ ಹುಟ್ಟಿದ ಈ ಸಮಸ್ಯೆಗೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಕಡಾನೆ ಅವರು ಕೊಟ್ಟ ಪರಿಹಾರವು 'ಕಡಾನೆ ಅಲ್ಗಾರಿದಮ್' ಎಂದು ಹೆಸರಾಗಿದೆ. ಡೈನಮಿಕ್ ಪ್ರೋಗ್ರಾಮಿಂಗ್ ಎಂಬ ವಿಧಾನವನ್ನು ಕಲಿಸಲು ಬಳಸುವ ಉದಾಹರಣೆಗಳಲ್ಲಿ ಇದಕ್ಕಿಂತ ಚಿಕ್ಕದು ಸಿಗುವುದು ಕಷ್ಟ. ಐದಾರು ಸಾಲಿನ ಈ ಕೋಡನ್ನು ಬಾಯಿಪಾಠ ಮಾಡಿದವರು ಅನೇಕರಿದ್ದಾರೆ. ಆದರೆ ಅದರ ಹಿಂದಿರುವ ಪ್ರಶ್ನೆಯನ್ನು ಅರಿಯದಿದ್ದರೆ ಸಮಸ್ಯೆಯ ರೂಪ ಸ್ವಲ್ಪ ಬದಲಾದೊಡನೆ ಆ ಪಾಠವು ಕೈಕೊಡುತ್ತದೆ.

ಸಮಸ್ಯೆಯ ನಿರೂಪಣೆ

ಒಂದು ಷೇರಿನ ಬೆಲೆಯು ಒಂಬತ್ತು ದಿನಗಳಲ್ಲಿ ಕ್ರಮವಾಗಿ 50, 54, 48, 51, 56, 54, 61, 52, 54 ರೂಪಾಯಿ ಇತ್ತೆಂದು ಭಾವಿಸಬಹುದು. ಒಂದೇ ಬಾರಿ ಕೊಂಡು, ಮುಂದೊಂದು ದಿನ ಒಂದೇ ಬಾರಿ ಮಾರುವುದಾದರೆ ಸಿಗಬಹುದಾದ ಅತ್ಯಧಿಕ ಲಾಭವೆಷ್ಟು? ದಿನದಿಂದ ದಿನಕ್ಕೆ ಆದ ಏರಿಳಿತಗಳನ್ನು ಮಾತ್ರ ಬರೆದುಕೊಂಡರೆ ಎಂಟು ಸಂಖ್ಯೆಗಳ ಈ ಸರಣಿ ದೊರೆಯುತ್ತದೆ:

4, −6, 3, 5, −2, 7, −9, 2

ಕೊಂಡ ದಿನದಿಂದ ಮಾರಿದ ದಿನದವರೆಗಿನ ಏರಿಳಿತಗಳನ್ನು ಕೂಡಿದರೆ ಲಾಭ ಬರುತ್ತದೆ. ಹೀಗಾಗಿ ಅತ್ಯಧಿಕ ಲಾಭದ ಪ್ರಶ್ನೆಯೂ ಗರಿಷ್ಠ ಉಪಸರಣಿಯ ಪ್ರಶ್ನೆಯೂ ಒಂದೇ ಆಗುತ್ತವೆ. ಇಲ್ಲಿ 3, 5, −2, 7 ಎಂಬ ತುಂಡಿನ ಮೊತ್ತ 13; ಅಂದರೆ 48ಕ್ಕೆ ಕೊಂಡು 61ಕ್ಕೆ ಮಾರುವುದು. ಈ ತುಂಡಿನ ನಡುವೆ ಒಂದು ಋಣ ಸಂಖ್ಯೆ ಇರುವುದನ್ನು ಗಮನಿಸಬೇಕು. ಋಣ ಸಂಖ್ಯೆ ಎದುರಾದೊಡನೆ ತುಂಡನ್ನು ಕತ್ತರಿಸಿದರೆ 3, 5 ಎಂಬಷ್ಟಕ್ಕೇ ನಿಂತು 8 ಎಂಬ ತಪ್ಪು ಉತ್ತರ ಬರುತ್ತದೆ. ಸರಣಿಯಲ್ಲಿ ಎಲ್ಲವೂ ಧನ ಸಂಖ್ಯೆಗಳೇ ಆಗಿದ್ದರೆ ಇಡೀ ಸರಣಿಯೇ ಉತ್ತರವಾಗುವುದರಿಂದ ಸಮಸ್ಯೆಯೇ ಉಳಿಯುವುದಿಲ್ಲ. ಮುಂದಿನ ಲಾಭಕ್ಕಾಗಿ ಈಗಿನ ನಷ್ಟವನ್ನು ಎಲ್ಲಿಯವರೆಗೆ ಹೊರಬಹುದು, ಎಲ್ಲಿ ಕೈಬಿಡಬೇಕು ಎಂಬುದೇ ಇಲ್ಲಿನ ತೊಡಕು.

ನೇರ ವಿಧಾನಗಳು

ಎಲ್ಲ ಉಪಸರಣಿಗಳನ್ನೂ ಒಂದೊಂದಾಗಿ ಕೂಡಿ ನೋಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನ ಸಂಖ್ಯೆಗಳ ಸರಣಿಯಲ್ಲಿ ನ × (ನ + 1) ÷ 2 ಉಪಸರಣಿಗಳಿರುತ್ತವೆ. ಮೇಲಿನ ಎಂಟು ಸಂಖ್ಯೆಗಳಿಗೆ ಇವು 36 ಮಾತ್ರ; ಕಾಗದದ ಮೇಲೆಯೇ ಮುಗಿಸಬಹುದು. 1000 ಸಂಖ್ಯೆಗಳಾದರೆ 5,00,500 ಉಪಸರಣಿಗಳಾಗುತ್ತವೆ, ಮತ್ತು ಪ್ರತಿಯೊಂದನ್ನೂ ಮೊದಲಿನಿಂದ ಕೂಡುತ್ತ ಹೋದರೆ ಒಟ್ಟು 16,71,67,000 ಬಾರಿ ಸರಣಿಯ ಸಂಖ್ಯೆಗಳನ್ನು ಮುಟ್ಟಬೇಕಾಗುತ್ತದೆ. ಸರಣಿಯ ಉದ್ದ ಹತ್ತು ಪಟ್ಟಾದರೆ ಕೆಲಸ ಸುಮಾರು ಸಾವಿರ ಪಟ್ಟಾಗುವುದರಿಂದ ಇದನ್ನು ಘನ ಪ್ರಮಾಣದ ವಿಧಾನ ಎನ್ನುತ್ತಾರೆ.

ಇದರಲ್ಲಿನ ವ್ಯರ್ಥ ಶ್ರಮ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಮೂರನೆಯ ಸಂಖ್ಯೆಯಿಂದ ಆರನೆಯದರವರೆಗಿನ ಮೊತ್ತ ತಿಳಿದಿರುವಾಗ, ಏಳನೆಯದರವರೆಗಿನ ಮೊತ್ತಕ್ಕೆ ಒಂದು ಸಂಕಲನ ಸಾಕು. ಹೀಗೆ ಆರಂಭದ ಸ್ಥಾನವನ್ನು ಹಿಡಿದುಕೊಂಡು ಮೊತ್ತವನ್ನು ಬೆಳೆಸುತ್ತ ಹೋದರೆ ಕೆಲಸವು ವರ್ಗ ಪ್ರಮಾಣಕ್ಕೆ ಇಳಿಯುತ್ತದೆ.

ಮೂರನೆಯದು ಒಡೆದು ಬಿಡಿಸುವ ವಿಧಾನ. ಸರಣಿಯನ್ನು ನಡುವೆ ಎರಡು ಭಾಗ ಮಾಡಿದರೆ, ಗರಿಷ್ಠ ಉಪಸರಣಿಯು ಪೂರ್ತಿ ಎಡಭಾಗದಲ್ಲಿರಬೇಕು, ಪೂರ್ತಿ ಬಲಭಾಗದಲ್ಲಿರಬೇಕು, ಇಲ್ಲವೇ ನಡುಗೆರೆಯನ್ನು ದಾಟಿರಬೇಕು. ಮೊದಲೆರಡನ್ನು ಇದೇ ಕ್ರಮದಿಂದ ಮತ್ತೆ ಒಡೆದು ಬಿಡಿಸಬಹುದು. ಮೂರನೆಯದನ್ನು ನಡುಗೆರೆಯಿಂದ ಎರಡೂ ಕಡೆಗೆ ಕೂಡುತ್ತ ಹೋಗಿ ಕಂಡುಕೊಳ್ಳಬಹುದು. ಈ ವಿಧಾನದಲ್ಲಿ ಕೆಲಸವು ನ × ಲಾಗ್ ನ ಪ್ರಮಾಣದಲ್ಲಿರುತ್ತದೆ.

ಡೈನಮಿಕ್ ಪ್ರೋಗ್ರಾಮಿಂಗ್

ದೊಡ್ಡ ಸಮಸ್ಯೆಯೊಂದರ ಉತ್ತರವನ್ನು ಅದೇ ಜಾತಿಯ ಚಿಕ್ಕ ಸಮಸ್ಯೆಗಳ ಉತ್ತರಗಳಿಂದ ಕಟ್ಟುವುದು, ಮತ್ತು ಒಮ್ಮೆ ಕಂಡ ಉತ್ತರವನ್ನು ಬರೆದಿಟ್ಟುಕೊಂಡು ಮತ್ತೆ ಲೆಕ್ಕ ಹಾಕದಿರುವುದು ಡೈನಮಿಕ್ ಪ್ರೋಗ್ರಾಮಿಂಗ್‌ನ ಮೂಲತತ್ತ್ವ. ಈ ಹೆಸರನ್ನು ಕೊಟ್ಟವರು ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ (1920–1984). 1950ರ ದಶಕದಲ್ಲಿ ರ‍್ಯಾಂಡ್ ಕಾರ್ಪೊರೇಷನ್ನಿನಲ್ಲಿದ್ದಾಗ ಅವರು ಇದನ್ನು ರೂಪಿಸಿದರು. ಇದೇ ಹೆಸರಿನ ಅವರ ಗ್ರಂಥ 1957ರಲ್ಲಿ ಪ್ರಕಟವಾಯಿತು. ಇಲ್ಲಿ 'ಪ್ರೋಗ್ರಾಮಿಂಗ್' ಎಂದರೆ ಗಣಕಕ್ಕೆ ಕೋಡ್ ಬರೆಯುವುದೆಂದು ಅರ್ಥವಲ್ಲ. ಯೋಜನೆ ಹಾಕುವುದು ಎಂದರ್ಥ. ಸಂಶೋಧನೆ ಎಂಬ ಮಾತನ್ನೇ ಸಹಿಸದ ರಕ್ಷಣಾ ಕಾರ್ಯದರ್ಶಿಯ ಕಣ್ಣಿನಿಂದ ತಮ್ಮ ಗಣಿತವನ್ನು ಮರೆಮಾಡಲು, ಯಾರೂ ಆಕ್ಷೇಪಿಸಲಾಗದ ಹೆಸರೊಂದನ್ನು ಆರಿಸಿಕೊಂಡದ್ದಾಗಿ ಬೆಲ್‌ಮನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹೆಸರಿನಿಂದ ಅರ್ಥವನ್ನು ಊಹಿಸಲು ಹೊರಟ ವಿದ್ಯಾರ್ಥಿಗಳು ಗೊಂದಲಕ್ಕೊಳಗಾಗುವುದು ಸಹಜವೇ.

ಚಿಕ್ಕ ಉತ್ತರಗಳಿಂದ ದೊಡ್ಡ ಉತ್ತರವನ್ನು ಕಟ್ಟುವ ಕ್ರಮವು ಛಂದಸ್ಸನ್ನು ಓದಿದವರಿಗೆ ಹೊಸದಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ರಚಿಸಬಹುದು ಎಂದು ಕೇಳಿದರೆ, ಕೊನೆಯ ಅಕ್ಷರವನ್ನು ನೋಡಬೇಕು. ಅದು ಲಘುವಾಗಿದ್ದರೆ ಅದರ ಹಿಂದೆ ಮೂರು ಮಾತ್ರೆಗಳ ರಚನೆ ಇರುತ್ತದೆ. ಗುರುವಾಗಿದ್ದರೆ ಎರಡು ಮಾತ್ರೆಗಳದು. ಮೂರು ಮಾತ್ರೆಯ ಗಣಗಳು 3, ಎರಡು ಮಾತ್ರೆಯವು 2. ಆದ್ದರಿಂದ ನಾಲ್ಕು ಮಾತ್ರೆಯವು 5, ಅಂತೆಯೇ ಐದು ಮಾತ್ರೆಯವು 8. ವಿರಹಾಂಕನೂ, ಹನ್ನೆರಡನೆಯ ಶತಮಾನದ ಹೇಮಚಂದ್ರನೂ ನಿರೂಪಿಸಿದ ಈ ಸಂಖ್ಯಾಕ್ರಮವೇ ಮುಂದೆ ಯುರೋಪಿನಲ್ಲಿ ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾಯಿತು. 'ಕೊನೆಯಲ್ಲಿ ಏನಿದೆ?' ಎಂದು ಕೇಳಿ ಉಳಿದುದನ್ನು ಹಿಂದಿನ ಲೆಕ್ಕಕ್ಕೆ ಒಪ್ಪಿಸುವ ಇದೇ ಯುಕ್ತಿ ಗರಿಷ್ಠ ಉಪಸರಣಿಗೂ ಅನ್ವಯಿಸುತ್ತದೆ.

ಕಡಾನೆ ಅಲ್ಗಾರಿದಮ್

'ಮೊದಲ ಆರು ಸಂಖ್ಯೆಗಳಲ್ಲಿ ಗರಿಷ್ಠ ಮೊತ್ತವೆಷ್ಟು?' ಎಂದು ಕೇಳಿ ಉತ್ತರ ಪಡೆದರೂ, ಆ ಉತ್ತರವೊಂದರಿಂದಲೇ ಏಳನೆಯ ಸಂಖ್ಯೆಯನ್ನು ಸೇರಿಸಿಕೊಂಡು ಮುಂದುವರಿಯಲು ಬರುವುದಿಲ್ಲ. ಆ ಗರಿಷ್ಠ ತುಂಡು ಎಲ್ಲೋ ಹಿಂದೆಯೇ ಮುಗಿದಿರಬಹುದು. ಆಗ ಏಳನೆಯದು ಅದಕ್ಕೆ ತಾಗುವುದೇ ಇಲ್ಲ. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು: 'ಸರಿಯಾಗಿ ಈ ಸ್ಥಾನದಲ್ಲಿಯೇ ಮುಗಿಯುವ ಉಪಸರಣಿಗಳಲ್ಲಿ ಗರಿಷ್ಠ ಮೊತ್ತವೆಷ್ಟು?' ಅಲ್ಗಾರಿದಮ್‌ನ ಜೀವಾಳವೆಲ್ಲ ಈ ಬದಲಾವಣೆಯಲ್ಲಿದೆ.

ಒಂದು ಸ್ಥಾನದಲ್ಲಿ ಮುಗಿಯುವ ಉಪಸರಣಿಗಳು ಎರಡೇ ಬಗೆ. ಒಂದೋ ಅದು ಆ ಸ್ಥಾನದ ಸಂಖ್ಯೆಯೊಂದನ್ನೇ ಹೊಂದಿರುತ್ತದೆ. ಇಲ್ಲವೇ ಹಿಂದಿನ ಸ್ಥಾನದಲ್ಲಿ ಮುಗಿದ ಉಪಸರಣಿಯೊಂದಕ್ಕೆ ಈ ಸಂಖ್ಯೆ ಸೇರಿಕೊಂಡಿರುತ್ತದೆ. ಎರಡನೆಯ ಬಗೆಯಲ್ಲಿ ಅತ್ಯಧಿಕ ಮೊತ್ತ ಬರಬೇಕಾದರೆ ಹಿಂದಿನ ಸ್ಥಾನದಲ್ಲಿ ಮುಗಿಯುವವುಗಳಲ್ಲಿ ಅತ್ಯಧಿಕವಾದುದನ್ನೇ ತೆಗೆದುಕೊಳ್ಳಬೇಕು. ಆ ಮೊತ್ತವು ಧನವಾಗಿದ್ದರೆ ಹೊತ್ತು ತರುವುದು ಲಾಭ. ಋಣವಾಗಿದ್ದರೆ ಅದನ್ನು ಬಿಟ್ಟು ಹೊಸದಾಗಿ ಆರಂಭಿಸುವುದು ಲಾಭ. ಇಡೀ ಸರಣಿಯ ಗರಿಷ್ಠ ಉಪಸರಣಿಯು ಯಾವುದಾದರೊಂದು ಸ್ಥಾನದಲ್ಲಿ ಮುಗಿಯಲೇಬೇಕಾದ್ದರಿಂದ, ಹೀಗೆ ಪಡೆದ ಮೊತ್ತಗಳಲ್ಲಿ ದೊಡ್ಡದೇ ಅಂತಿಮ ಉತ್ತರ.

ಕೋಡಿನ ರೂಪದಲ್ಲಿ ಇದನ್ನು ಕೆಳಗಿನಂತೆ ಬರೆಯಬಹುದು. 'ಇಲ್ಲಿಗೆ' ಎಂಬುದು ಸದ್ಯದ ಸ್ಥಾನದಲ್ಲಿ ಮುಗಿಯುವ ಗರಿಷ್ಠ ಮೊತ್ತ. 'ಈವರೆಗೆ' ಎಂಬುದು ಅಲ್ಲಿಯ ತನಕ ಕಂಡುಬಂದವುಗಳಲ್ಲಿ ಅತಿ ದೊಡ್ಡದು. ಸಿ, ಜಾವಾ, ಪೈಥಾನ್‌ಗಳಲ್ಲಿರುವಂತೆ ಸ್ಥಾನಗಳ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ.

ಕಾರ್ಯ ಗರಿಷ್ಠಮೊತ್ತ(ಅ, ನ):
    ಇಲ್ಲಿಗೆ = ಅ[0]
    ಈವರೆಗೆ = ಅ[0]
    ಕ ಎಂಬುದು 1 ರಿಂದ ನ − 1 ರವರೆಗೆ ಸಾಗಲಿ:
        ಇಲ್ಲಿಗೆ = ದೊಡ್ಡದು(ಅ[ಕ], ಇಲ್ಲಿಗೆ + ಅ[ಕ])
        ಈವರೆಗೆ = ದೊಡ್ಡದು(ಈವರೆಗೆ, ಇಲ್ಲಿಗೆ)
    ಈವರೆಗೆ ಎಂಬುದನ್ನು ಹಿಂತಿರುಗಿಸು

ಪೈಥಾನ್ 3ರಲ್ಲಿ ಚಲಕಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಅವಕಾಶವಿದೆ. ಭಾಷೆಯ ಕೀಲಿಪದಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು. ಹೀಗಾಗಿ ಮೇಲಿನ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡು ಇದನ್ನು ಗಣಕದಲ್ಲಿ ಓಡಿಸಿ ನೋಡಬಹುದು. ಷೇರಿನ ಸರಣಿಗೆ ಅನ್ವಯಿಸಿದಾಗ ಪ್ರತಿ ಹೆಜ್ಜೆಯಲ್ಲಿ ಬರುವ ಬೆಲೆಗಳು ಹೀಗಿವೆ:

ಸಂಖ್ಯೆ 4: ಇಲ್ಲಿಗೆ 4, ಈವರೆಗೆ 4
ಸಂಖ್ಯೆ −6: ಇಲ್ಲಿಗೆ −2, ಈವರೆಗೆ 4
ಸಂಖ್ಯೆ 3: ಇಲ್ಲಿಗೆ 3, ಈವರೆಗೆ 4
ಸಂಖ್ಯೆ 5: ಇಲ್ಲಿಗೆ 8, ಈವರೆಗೆ 8
ಸಂಖ್ಯೆ −2: ಇಲ್ಲಿಗೆ 6, ಈವರೆಗೆ 8
ಸಂಖ್ಯೆ 7: ಇಲ್ಲಿಗೆ 13, ಈವರೆಗೆ 13
ಸಂಖ್ಯೆ −9: ಇಲ್ಲಿಗೆ 4, ಈವರೆಗೆ 13
ಸಂಖ್ಯೆ 2: ಇಲ್ಲಿಗೆ 6, ಈವರೆಗೆ 13

ಮೂರನೆಯ ಹೆಜ್ಜೆಯಲ್ಲಿ ಹಿಂದಿನ −2ನ್ನು ಕೈಬಿಟ್ಟು 3ರಿಂದ ಹೊಸ ತುಂಡು ಆರಂಭವಾಗಿದೆ. ಐದನೆಯ ಹೆಜ್ಜೆಯಲ್ಲಿ −2 ಎದುರಾದರೂ ಕೈಯಲ್ಲಿ 8 ಇರುವುದರಿಂದ ತುಂಡು ಮುರಿಯುವುದಿಲ್ಲ. ತುಂಡು ಮುರಿಯುವುದು ಕೈಯಲ್ಲಿರುವ ಮೊತ್ತ ಋಣವಾದಾಗ. ಎದುರಾದ ಸಂಖ್ಯೆ ಋಣವಾದಾಗಲ್ಲ. ಆರಂಭಿಕರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಮೊತ್ತದ ಜೊತೆಗೆ ತುಂಡು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದೂ ಬೇಕಾದರೆ 'ಆರಂಭ' ಎಂಬ ಇನ್ನೊಂದು ಚಲಕವನ್ನು ಇಟ್ಟುಕೊಳ್ಳಬೇಕು. ಹಿಂದಿನ ಮೊತ್ತ ಋಣವಾಗಿದ್ದಾಗ ಆರಂಭವನ್ನು ಸದ್ಯದ ಸ್ಥಾನಕ್ಕೆ ತರಬೇಕು. 'ಈವರೆಗೆ' ಹೆಚ್ಚಿದಾಗಲೆಲ್ಲ ಆಗಿನ ಆರಂಭವನ್ನೂ ಸದ್ಯದ ಸ್ಥಾನವನ್ನೂ ಬರೆದಿಟ್ಟುಕೊಳ್ಳಬೇಕು. ಹಿಂದಿನ ಮೊತ್ತ ಸರಿಯಾಗಿ ಸೊನ್ನೆಯಾಗಿದ್ದರೆ ಮುಂದುವರಿದರೂ ಹೊಸದಾಗಿ ಆರಂಭಿಸಿದರೂ ಮೊತ್ತ ಒಂದೇ. ಉದ್ದನೆಯ ತುಂಡು ಬೇಕೋ ಚಿಕ್ಕದು ಬೇಕೋ ಎಂಬುದನ್ನು ಪ್ರಶ್ನೆಯೇ ತಿಳಿಸಬೇಕು.

ಪ್ರತಿ ಸಂಖ್ಯೆಯನ್ನು ಒಮ್ಮೆ ಮಾತ್ರ ನೋಡುವುದರಿಂದ ಕೆಲಸವು ಸರಣಿಯ ಉದ್ದಕ್ಕೆ ನೇರ ಅನುಪಾತದಲ್ಲಿದೆ. ಪ್ರತಿ ಹೆಜ್ಜೆಗೂ ಅದರ ಹಿಂದಿನದೊಂದೇ ಸಾಕಾದ್ದರಿಂದ ಹಳೆಯ ಉತ್ತರಗಳ ಉದ್ದನೆಯ ಪಟ್ಟಿಯ ಅಗತ್ಯವೂ ಇಲ್ಲ. ಈ ಪ್ರಮಾಣಕ್ಕಿಂತ ವೇಗವಾದ ವಿಧಾನವು ಅಸಾಧ್ಯ: ಯಾವುದಾದರೊಂದು ಸಂಖ್ಯೆಯನ್ನು ನೋಡದೆ ಬಿಟ್ಟರೆ, ಅದು ಬಹಳ ದೊಡ್ಡದಾಗಿದ್ದ ಪಕ್ಷದಲ್ಲಿ ಉತ್ತರ ತಪ್ಪಾಗುತ್ತದೆ.

ಸೊನ್ನೆಯಿಂದ ಆರಂಭಿಸುವ ದೋಷ

ಅನೇಕ ಕಡೆ ಪ್ರಚಾರದಲ್ಲಿರುವ ಕೋಡಿನಲ್ಲಿ 'ಇಲ್ಲಿಗೆ' ಮತ್ತು 'ಈವರೆಗೆ' ಎರಡನ್ನೂ ಸೊನ್ನೆಯಿಂದ ಆರಂಭಿಸಿ, ಮೊತ್ತ ಋಣವಾದೊಡನೆ ಸೊನ್ನೆಗೆ ಇಳಿಸಲಾಗುತ್ತದೆ. ಸರಣಿಯಲ್ಲಿ ಒಂದಾದರೂ ಧನ ಸಂಖ್ಯೆ ಇದ್ದರೆ ಎರಡೂ ರೂಪಗಳು ಒಂದೇ ಉತ್ತರವನ್ನು ಕೊಡುತ್ತವೆ. ಆದರೆ −8, −3, −6 ಎಂಬ ಸರಣಿಗೆ ಸೊನ್ನೆಯ ರೂಪವು 0 ಎನ್ನುತ್ತದೆ. ಮೇಲೆ ಕೊಟ್ಟ ರೂಪವು −3 ಎನ್ನುತ್ತದೆ. ಇವುಗಳಲ್ಲಿ ಯಾವುದು ಸರಿ ಎಂಬುದು ಪ್ರಶ್ನೆಯನ್ನು ಅವಲಂಬಿಸಿದೆ. ಷೇರಿನ ಉದಾಹರಣೆಯಲ್ಲಿ ದಿನವೂ ಬೆಲೆ ಕುಸಿಯುತ್ತಿದ್ದರೆ ಕೊಳ್ಳದೆ ಇರುವ ಆಯ್ಕೆ ಇದ್ದೇ ಇದೆ. ಆಗ ಖಾಲಿ ಉಪಸರಣಿಗೆ ಅರ್ಥವಿದೆ, ಉತ್ತರ ಸೊನ್ನೆ. ಕನಿಷ್ಠ ಒಂದು ಸಂಖ್ಯೆಯನ್ನಾದರೂ ಆರಿಸಲೇಬೇಕೆಂಬ ನಿಬಂಧನೆ ಇದ್ದರೆ ಸೊನ್ನೆ ಎಂಬುದು ತಪ್ಪು ಉತ್ತರ. ಸಾಮಾನ್ಯ ಪರೀಕ್ಷೆಗಳಲ್ಲೆಲ್ಲ ಸರಿಯಾಗಿಯೇ ನಡೆದು, ಎಲ್ಲವೂ ಋಣವಾಗಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಸದ್ದಿಲ್ಲದೆ ತಪ್ಪುವುದರಿಂದ ಈ ದೋಷವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಬಲ್ಲದು.

ಇಂಥದೇ ಇನ್ನೊಂದು ಮೌನ ದೋಷವು ಸಂಖ್ಯೆಗಳ ಮಿತಿಗೆ ಸಂಬಂಧಿಸಿದ್ದು. 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಸರಣಿಯ ಸಂಖ್ಯೆಗಳು ತಲಾ ನೂರು ಕೋಟಿಯಷ್ಟಿದ್ದರೆ ಮೂರನ್ನು ಕೂಡುವಷ್ಟರಲ್ಲಿ ಈ ಮಿತಿ ಮೀರುತ್ತದೆ. ಜಾವಾ ಭಾಷೆಯಲ್ಲಿ ಹೀಗಾದಾಗ ಯಾವ ಎಚ್ಚರಿಕೆಯೂ ಬಾರದೆ ಮೊತ್ತವು ಋಣ ಸಂಖ್ಯೆಯಾಗಿ ತೋರುತ್ತದೆ. ಮೊತ್ತಗಳಿಗೆ 64 ಬಿಟ್‌ಗಳ ಚಲಕವನ್ನು ಬಳಸುವುದು ಇದಕ್ಕೆ ಪರಿಹಾರ. ಪೈಥಾನ್‌ನ ಪೂರ್ಣಾಂಕಗಳಿಗೆ ಈ ಮಿತಿಯಿಲ್ಲ.

ಇತಿಹಾಸ

ಸ್ವೀಡನ್ ಮೂಲದ ಗಣಿತಜ್ಞ ಉಲ್ಫ್ ಗ್ರೆನಾಂಡರ್ (1923–2016) ಅವರು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ, ಅಂಕಿಗಳಾಗಿ ಪರಿವರ್ತಿಸಿದ ಚಿತ್ರಗಳಲ್ಲಿ ನಿರ್ದಿಷ್ಟ ವಿನ್ಯಾಸಗಳನ್ನು ಗುರುತಿಸುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದರು. ಅವರಿಗೆ ಬೇಕಾಗಿದ್ದುದು ಅಡ್ಡಸಾಲು ನೀಟಸಾಲುಗಳ ಕೋಷ್ಟಕದಲ್ಲಿ ಗರಿಷ್ಠ ಮೊತ್ತದ ಆಯತ. ಅದನ್ನು ಬಿಡಿಸಲು ತೀರ ಹೆಚ್ಚು ಕಾಲ ಹಿಡಿಯುತ್ತಿದ್ದುದರಿಂದ, ಅದರ ಒಳರಚನೆಯನ್ನು ತಿಳಿಯಲು ಒಂದೇ ಸಾಲಿನ ಸರಳ ರೂಪವನ್ನು ಎತ್ತಿಕೊಂಡರು. ಘನ ಪ್ರಮಾಣದ ವಿಧಾನವು ನಿಧಾನವೆಂದು ಕಂಡು ಅವರೇ ವರ್ಗ ಪ್ರಮಾಣದ ವಿಧಾನವನ್ನು ರೂಪಿಸಿದರು. 1977ರಲ್ಲಿ ಅವರಿಂದ ಸಮಸ್ಯೆಯನ್ನು ಕೇಳಿದ ಮೈಕೆಲ್ ಶೇಮಸ್ ಒಂದೇ ರಾತ್ರಿಯಲ್ಲಿ ಒಡೆದು ಬಿಡಿಸುವ ವಿಧಾನವನ್ನು ಕಂಡುಕೊಂಡರು. ಶೇಮಸ್ ಮತ್ತು ಅವರ ಒಡನಾಡಿ ಜಾನ್ ಬೆಂಟ್ಲಿ ಇಬ್ಬರೂ ಪ್ರಾಯಶಃ ಇದಕ್ಕಿಂತ ಉತ್ತಮವಾದುದು ಸಾಧ್ಯವಿಲ್ಲವೆಂದೇ ಭಾವಿಸಿದ್ದರು. ಕೆಲವು ದಿನಗಳ ಅನಂತರ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯೊಂದರಲ್ಲಿ ಶೇಮಸ್ ಈ ಸಮಸ್ಯೆಯನ್ನು ವಿವರಿಸಿದಾಗ, ಸಭೆಯಲ್ಲಿದ್ದ ಕಡಾನೆ ಒಂದು ನಿಮಿಷದೊಳಗೆ ನೇರ ಪ್ರಮಾಣದ ವಿಧಾನವನ್ನು ರಚಿಸಿದರು.

ಈ ವೃತ್ತಾಂತವನ್ನು ಬೆಂಟ್ಲಿ 1984ರಲ್ಲಿ 'ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ' ಪತ್ರಿಕೆಯ ತಮ್ಮ 'ಪ್ರೋಗ್ರಾಮಿಂಗ್ ಪರ್ಲ್ಸ್' ಅಂಕಣದಲ್ಲಿ ದಾಖಲಿಸಿದರು. ಅಲ್ಲಿ ಅವರು ಕಡಾನೆಯ ವಿಧಾನವನ್ನು ಸ್ಕ್ಯಾನಿಂಗ್ ಅಲ್ಗಾರಿದಮ್ ಎಂದು ಕರೆದಿದ್ದರು. ಡೈನಮಿಕ್ ಪ್ರೋಗ್ರಾಮಿಂಗ್‌ನ ಪಾಠದಲ್ಲಿ ಅದು ಸ್ಥಾನ ಪಡೆದದ್ದು ಬೋಧನೆಯ ರೂಢಿಯಿಂದ. ಇದಕ್ಕೂ ಮುನ್ನ 1982ರಲ್ಲಿ ಡೇವಿಡ್ ಗ್ರೀಸ್ ಇದೇ ಅಲ್ಗಾರಿದಮ್ಮನ್ನು ತಾರ್ಕಿಕವಾಗಿ ಹಂತಹಂತವಾಗಿ ಸಾಧಿಸಿ ತೋರಿಸಿದ್ದರು.

ವೇಗದ ವ್ಯತ್ಯಾಸವನ್ನು ಮನಗಾಣಿಸಲು ಬೆಂಟ್ಲಿ ಒಂದು ವಿಷಮ ಸ್ಪರ್ಧೆಯನ್ನು ಏರ್ಪಡಿಸಿದರು. ಆ ಕಾಲದ ಪ್ರಸಿದ್ಧ ಮಹಾಗಣಕ ಕ್ರೇ-1ರಲ್ಲಿ ಘನ ಪ್ರಮಾಣದ ವಿಧಾನವನ್ನೂ, ಟಿಆರ್‌ಎಸ್-80 ಎಂಬ ಅಗ್ಗದ ಮನೆಬಳಕೆಯ ಗಣಕದಲ್ಲಿ ಬೇಸಿಕ್ ಭಾಷೆಯಲ್ಲಿ ಬರೆದ ನೇರ ಪ್ರಮಾಣದ ವಿಧಾನವನ್ನೂ ಹೋಲಿಸಿದರು. 1000 ಸಂಖ್ಯೆಗಳಿಗೆ ಮಹಾಗಣಕವು ಸುಮಾರು 3 ಸೆಕೆಂಡ್, ಚಿಕ್ಕ ಗಣಕವು 20 ಸೆಕೆಂಡ್ ತೆಗೆದುಕೊಳ್ಳುತ್ತವೆ. 10,000 ಸಂಖ್ಯೆಗಳಿಗೆ ಬರುವ ಹೊತ್ತಿಗೆ ಚಿಕ್ಕದಕ್ಕೆ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಸಾಕು, ದೊಡ್ಡದಕ್ಕೆ ಮುಕ್ಕಾಲು ಗಂಟೆಗೂ ಮೀರಿದ ಕಾಲ ಬೇಕು. ಇದೇ ಲೆಕ್ಕದಲ್ಲಿ ಹತ್ತು ಲಕ್ಷ ಸಂಖ್ಯೆಗಳಿಗೆ ಟಿಆರ್‌ಎಸ್-80 ಐದೂವರೆ ಗಂಟೆಯೊಳಗೆ ಕೆಲಸ ಮುಗಿಸಿದರೆ, ಕ್ರೇ-1 ಸುಮಾರು 95 ವರ್ಷ ದುಡಿಯಬೇಕಾಗುತ್ತದೆ.

ಬಳಕೆ ಮತ್ತು ರೂಪಾಂತರಗಳು

ಜೀವವಿಜ್ಞಾನದಲ್ಲಿ ಡಿಎನ್‌ಎ ಎಳೆಯ ಅಕ್ಷರಗಳಲ್ಲಿ ಜಿ ಮತ್ತು ಸಿಗಳಿಗೆ ಧನ ಅಂಕವನ್ನೂ, ಎ ಮತ್ತು ಟಿಗಳಿಗೆ ಋಣ ಅಂಕವನ್ನೂ ಕೊಟ್ಟು, ಜಿ-ಸಿ ದಟ್ಟವಾಗಿರುವ ಭಾಗವನ್ನು ಇದೇ ಕ್ರಮದಿಂದ ಹುಡುಕಬಹುದು. ಪ್ರೋಟೀನುಗಳಲ್ಲಿ ನೀರಿಗೆ ವಿಮುಖವಾದ ಭಾಗಗಳನ್ನು ಗುರುತಿಸುವುದಕ್ಕೂ ಇದರ ಉಪಯೋಗವಿದೆ.

ಸರಣಿಯ ಕೊನೆಯು ಮತ್ತೆ ಮೊದಲಿಗೆ ಬೆಸೆದುಕೊಂಡು ವರ್ತುಲವಾಗಿದ್ದರೆ, ಗರಿಷ್ಠ ತುಂಡು ಬೆಸುಗೆಯನ್ನು ದಾಟಿರಬಹುದು. ಆಗ ತುಂಡಿನ ಹೊರಗೆ ಉಳಿಯುವುದು ಕನಿಷ್ಠ ಮೊತ್ತದ ಅಖಂಡ ತುಂಡು. ಆದ್ದರಿಂದ ಇಡೀ ಮೊತ್ತದಿಂದ ಕನಿಷ್ಠ ಉಪಸರಣಿಯ ಮೊತ್ತವನ್ನು ಕಳೆದು, ಸಾಮಾನ್ಯ ಉತ್ತರದೊಡನೆ ಹೋಲಿಸಿ ದೊಡ್ಡದನ್ನು ಆರಿಸಬೇಕು. 5, −7, 6 ಎಂಬ ಸರಣಿಯಲ್ಲಿ ಸಾಮಾನ್ಯ ಉತ್ತರ 6. ಇಡೀ ಮೊತ್ತ 4ರಿಂದ −7ನ್ನು ಕಳೆದರೆ 11, ಅಂದರೆ 6 ಮತ್ತು 5 ಸೇರಿದ ತುಂಡು. ಎಲ್ಲವೂ ಋಣವಾಗಿದ್ದಾಗ ಕಳೆದ ಮೇಲೆ ಏನೂ ಉಳಿಯದೆ ಸೊನ್ನೆ ಬರುವುದರಿಂದ ಆ ಸಂದರ್ಭವನ್ನು ಇಲ್ಲಿಯೂ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಮೊತ್ತದ ಬದಲು ಗುಣಲಬ್ಧ ಗರಿಷ್ಠವಾಗಬೇಕೆಂದಾಗ ಕೋಡಿನಲ್ಲಿ ಸಂಕಲನದ ಚಿಹ್ನೆಯನ್ನು ಬದಲಿಸಿದರೆ ಸಾಲದು. ಎರಡು ಋಣ ಸಂಖ್ಯೆಗಳ ಗುಣಲಬ್ಧ ಧನವಾಗುವುದರಿಂದ, ಇಂದು ಅತಿ ಕನಿಷ್ಠವಾದುದು ಮುಂದಿನ ಹೆಜ್ಜೆಯಲ್ಲಿ ಅತಿ ಗರಿಷ್ಠವಾಗಬಹುದು. 2, −5, −3 ಎಂಬಲ್ಲಿ ಎರಡನೆಯ ಸ್ಥಾನದಲ್ಲಿ ಮುಗಿಯುವ ಗರಿಷ್ಠ −5, ಕನಿಷ್ಠ −10. ಸರಿಯಾದ ಉತ್ತರವಾದ 30 ದೊರೆಯುವುದು ಆ ಕನಿಷ್ಠದಿಂದಲೇ. ಆದ್ದರಿಂದ ಪ್ರತಿ ಸ್ಥಾನದಲ್ಲಿಯೂ ಎರಡನ್ನೂ ನೆನಪಿಟ್ಟುಕೊಳ್ಳಬೇಕು. 'ಇಲ್ಲಿಗೆ ಮುಗಿಯುವವುಗಳಲ್ಲಿ ಮುಂದೆ ಯಾವುದು ಬೇಕಾದೀತು?' ಎಂದು ಕೇಳಿಕೊಂಡವರಿಗೆ ಇದು ತಾನಾಗಿಯೇ ಹೊಳೆಯುತ್ತದೆ.

ಗ್ರೆನಾಂಡರ್ ಅವರ ಮೂಲ ಸಮಸ್ಯೆಯಾದ ಆಯತದ ರೂಪಕ್ಕೂ ಕಡಾನೆಯ ವಿಧಾನ ನೆರವಾಗುತ್ತದೆ. ಮೇಲಿನ ಒಂದು ಅಡ್ಡಸಾಲನ್ನೂ ಕೆಳಗಿನ ಒಂದನ್ನೂ ಆರಿಸಿ, ಅವೆರಡರ ನಡುವಿನ ಪ್ರತಿ ನೀಟಸಾಲನ್ನು ಕೂಡಿ ಒಂದೊಂದು ಸಂಖ್ಯೆ ಮಾಡಿದರೆ ಕೋಷ್ಟಕವು ಒಂದೇ ಸಾಲಿನ ಸರಣಿಯಾಗುತ್ತದೆ. ಅದರಲ್ಲಿನ ಗರಿಷ್ಠ ಉಪಸರಣಿಯೇ ಆ ಎರಡು ಸಾಲುಗಳ ನಡುವಿನ ಗರಿಷ್ಠ ಆಯತ. ಎಲ್ಲ ಜೋಡಿಗಳಿಗೂ ಹೀಗೆ ಮಾಡಿದರೆ, ಕೆಳಸಾಲನ್ನು ಒಂದೊಂದಾಗಿ ಇಳಿಸುತ್ತ ಹಳೆಯ ಮೊತ್ತಗಳಿಗೇ ಹೊಸದನ್ನು ಕೂಡಿಸಿಕೊಂಡಲ್ಲಿ, ನ × ನ ಕೋಷ್ಟಕಕ್ಕೆ ಘನ ಪ್ರಮಾಣದ ಕೆಲಸ ಸಾಕಾಗುತ್ತದೆ. 1998ರಲ್ಲಿ ಹಿಸಾವೊ ತಮಾಕಿ ಮತ್ತು ತಾಕೇಶಿ ತೊಕುಯಾಮ ಇದನ್ನು ಘನ ಪ್ರಮಾಣಕ್ಕಿಂತ ಸ್ವಲ್ಪವೇ ಕೆಳಗಿಳಿಸಿದರು. ಒಂದೇ ಸಾಲಿನ ಸಮಸ್ಯೆಗೆ ದೊರೆತಂಥ ಸರಳ ಪರಿಹಾರವು ಆಯತದ ಸಮಸ್ಯೆಗೆ ದೊರೆತಿಲ್ಲ.